ಒಂದು ಗೇಣಿನ ರೆಕ್ಕೆ

ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯ ಫೋಕೆ-ವುಲ್ಫ್ 190 ಎಂಬ ಯುದ್ಧವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ ಹತ್ತೂವರೆ ಮೀಟರ್. ಅದನ್ನು 48 ಪಾಲು ಮಾಡಿ ಒಂದು ಪಾಲು ಇಟ್ಟುಕೊಂಡರೆ 22 ಸೆಂಟಿಮೀಟರಿಗೆ ತುಸು ಕಡಿಮೆ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಒಂದು ಗೇಣು. ಬಾದಾಮಿಯ ನಮ್ಮ ಮನೆಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಅಂಥದೊಂದು ಗೇಣುದ್ದದ ವಿಮಾನವಿದೆ. ಬಂದವರು ಕೇಳುವ ಮೊದಲ ಮಾತು ಒಂದೇ: “ಇದು ಹಾರತೈತೇನ್ರಿ ಸರ?” ಹಾರುವುದಿಲ್ಲ ಎಂದರೆ ಎರಡನೆಯದು ಬರುತ್ತದೆ: “ಹಂಗಾರ ಯಾಕ ಮಾಡ್ತೀರಿ?” ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಡಲಾಗದು. ಚಹಾ ಕುಡಿಯುವಷ್ಟು ಹೊತ್ತು ಕೂರುವವರಿಗೆ ಮಾತ್ರ ಹೇಳಬಹುದು.

ಹಾಗೆ ನೋಡಿದರೆ ಬಾದಾಮಿಯವರು ಈ ಪ್ರಶ್ನೆ ಕೇಳಲೇಬಾರದು. ದೊಡ್ಡದನ್ನು ಚಿಕ್ಕದಾಗಿ ಮಾಡುವ ವಿದ್ಯೆ ನಮ್ಮ ಗುಡ್ಡದ ಮೇಲೆಯೇ ಸಾವಿರ ವರ್ಷಕ್ಕೂ ಹಿಂದಿನಿಂದ ಇದೆ. ಮಾಲೆಗಿತ್ತಿ ಶಿವಾಲಯದ ಎದುರು ನಿಂತು ತಲೆಯೆತ್ತಿ ನೋಡಿ. ಸೂರಿನ ಮೇಲೆ ಸಾಲಾಗಿ ಕೂತಿರುವವೆಲ್ಲ ಪುಟ್ಟ ಗುಡಿಗಳೇ. ಮೂಲೆಯಲ್ಲಿ ಚೌಕನೆಯ ಕೂಟ, ನಡುವೆ ಉದ್ದನೆಯ ಶಾಲೆ. ಗುಡಿಯ ಮೇಲೆ ಗುಡಿಯ ಮಾದರಿ. ಅದರೊಳಗೆ ಯಾರೂ ಪೂಜೆ ಮಾಡುವುದಿಲ್ಲ, ಆದರೂ ಶಿಲ್ಪಿ ಅದಕ್ಕೂ ಶಿಖರ ಇಟ್ಟಿದ್ದಾನೆ. ಪಟ್ಟದಕಲ್ಲಿಗೆ ಹೋದರೆ ಇನ್ನೂ ಒಂದು ಹೆಜ್ಜೆ ಮುಂದಿನ ಸಾಹಸ ಕಾಣುತ್ತದೆ. ಅಲ್ಲಿನ ಪಾಪನಾಥ ಗುಡಿಯ ಗೋಡೆಯಲ್ಲಿ ದ್ರಾವಿಡ ಬಗೆಯ ಕೆಲಸ, ಮೇಲಿನ ಶಿಖರ ಉತ್ತರದ ನಾಗರ ಬಗೆಯದು. ಒಂದು ಪದ್ಧತಿಯನ್ನು ಕೈಗೆತ್ತಿಕೊಂಡು, ಇನ್ನೊಂದನ್ನು ಅದಕ್ಕೆ ಕೂಡಿಸಿ, ಹೊಂದುತ್ತದೋ ಇಲ್ಲವೋ ನೋಡುವ ಧೈರ್ಯ ಚಾಲುಕ್ಯರ ಕುಶಲಕರ್ಮಿಗಳಿಗಿತ್ತು. ಐಹೊಳೆಯಲ್ಲಿ ಇಡೀ ಊರೇ ಅಂಥ ಪ್ರಯೋಗದ ಅಂಗಳ. ನಾನು ಮಾಡುವುದು ಪ್ಲಾಸ್ಟಿಕ್ಕಿನಲ್ಲಿ, ಅಷ್ಟೇ.

ಕಿಟ್ ಎಂದರೆ ಒಂದು ರಟ್ಟಿನ ಡಬ್ಬಿ. ಒಳಗೆ ಬೂದುಬಣ್ಣದ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು, ಅದಕ್ಕೆ ಅಂಟಿಕೊಂಡ ನೂರಾರು ಬಿಡಿಭಾಗಗಳು, ಒಂದು ನಕ್ಷೆ, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ. ಜಪಾನಿನ ತಾಮಿಯಾ, ಜೆಕ್ ದೇಶದ ಎಡುವಾರ್ಡ್ ಕಂಪನಿಗಳು ಫೋಕೆ-ವುಲ್ಫನ್ನು ಬಹಳ ಚೊಕ್ಕಟವಾಗಿ ಮಾಡಿವೆ. ಈ ಹವ್ಯಾಸದ ಹಲವು ಅಳತೆಗಳು ಹಳೆಯ ಅಡಿ-ಇಂಚಿನ ಲೆಕ್ಕದವು: ಕಾಲು ಇಂಚಿಗೆ ಒಂದು ಅಡಿ ಎಂದರೆ 48ರಲ್ಲಿ ಒಂದು ಪಾಲು, ಒಂದು ಇಂಚಿಗೆ ಆರು ಅಡಿ ಎಂದರೆ 72ರಲ್ಲಿ ಒಂದು ಪಾಲು. ಬಾದಾಮಿಯಲ್ಲಿ ಇಂಥ ಡಬ್ಬಿ ಮಾರುವ ಅಂಗಡಿಯಿಲ್ಲ, ಕೊರಿಯರಿನಲ್ಲೇ ಬರಬೇಕು. ಉಳಿದ ಸಾಮಾನಿಗೆ ನಮ್ಮ ಊರಿನ ಪೇಟೆ ಸಾಕು. ಪೇಂಟ್ ಅಂಗಡಿಯಲ್ಲಿ ನಯವಾದ ಪಾಲಿಶ್ ಕಾಗದ, ಹಾರ್ಡ್‌ವೇರ್ ಅಂಗಡಿಯಲ್ಲಿ ಹ್ಯಾಕ್ಸಾ ಬ್ಲೇಡು, ಕ್ಷೌರದಂಗಡಿಯಲ್ಲಿ ಬಳಸುವಂಥ ತೆಳ್ಳನೆಯ ಬ್ಲೇಡು, ವಾಹನ ರಿಪೇರಿಯವರ ಪುಟ್ಟಿ.

ಈಗ ವಿಮಾನದ ವಿಷಯಕ್ಕೆ ಬರೋಣ. ಇದನ್ನು ರೂಪಿಸಿದವನು ಕುರ್ಟ್ ಟ್ಯಾಂಕ್. ಹುಟ್ಟಿದ್ದು 1898ರಲ್ಲಿ, ಮೊದಲ ಮಹಾಯುದ್ಧದಲ್ಲಿ ಕುದುರೆ ಸವಾರ ಸೈನಿಕ. ಮುಂದೆ ಎಂಜಿನಿಯರ್ ಆದ, ಜೊತೆಗೆ ಪೈಲಟ್ಟೂ ಆದ. ತಾನು ಗೆರೆ ಎಳೆದ ವಿಮಾನವನ್ನು ತಾನೇ ಹಾರಿಸಿ ನೋಡುವ ಜಾತಿಯವನು. ಆಗ ಜರ್ಮನಿಯ ಹೆಸರಾಂತ ಯುದ್ಧವಿಮಾನ ಮೆಸ್ಸರ್‌ಸ್ಮಿತ್ 109. ಬಹಳ ಚುರುಕು, ಆದರೆ ಅದರ ಚಕ್ರದ ಕಾಲುಗಳು ಒಂದಕ್ಕೊಂದು ತೀರ ಹತ್ತಿರ. ಇಳಿಯುವಾಗ, ಏರುವಾಗ ಪಕ್ಕಕ್ಕೆ ವಾಲಿ ಮುರಿದವು ಎಷ್ಟೋ. ಟ್ಯಾಂಕ್ ಬಯಸಿದ್ದು ರೇಸಿನ ಕುದುರೆಯನ್ನಲ್ಲ, ದಂಡಿನ ಕುದುರೆಯನ್ನು. ಕೆಸರಿನ ಮೈದಾನದಲ್ಲಿ ಇಳಿಯಬೇಕು, ಅರೆಬರೆ ತರಬೇತಿಯ ಹುಡುಗರೂ ರಿಪೇರಿ ಮಾಡುವಂತಿರಬೇಕು, ಗುಂಡು ತಗುಲಿದರೂ ಮನೆ ಮುಟ್ಟಿಸಬೇಕು. ಅದಕ್ಕೇ ಈ ವಿಮಾನದ ಚಕ್ರಗಳ ನಡುವೆ ಮೂರೂವರೆ ಮೀಟರ್ ಅಂತರ. ಮೇಜಿನ ಮೇಲಿನ ಮಾದರಿಯಲ್ಲಿ ಅದು ಏಳು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಎದುರಿನಿಂದ ನೋಡಿದರೆ ಕಾಲುಗಳು ನೆಟ್ಟಗಿಲ್ಲ, ಓರೆಯಾಗಿವೆ. ಮಾದರಿಯಲ್ಲಿ ಈ ಓರೆ ಎಷ್ಟಿರಬೇಕೋ ಅಷ್ಟೇ ಬರಬೇಕು. ಸ್ವಲ್ಪ ತಪ್ಪಿದರೂ ವಿಮಾನ ಕುಂಟುತ್ತಿರುವ ಹಾಗೆ ಕಾಣುತ್ತದೆ. ಅಂಟು ಒಣಗುವವರೆಗೆ ನಾನು ಬೆಂಕಿಪೊಟ್ಟಣದ ಕಡ್ಡಿಗಳ ಊರೆ ಕೊಟ್ಟು ನಿಲ್ಲಿಸುತ್ತೇನೆ.

ಮೊದಲ ಹಾರಾಟ 1939ರ ಜೂನ್ 1ರಂದು, ಪೈಲಟ್ ಹಾನ್ಸ್ ಸಾಂಡರ್ ಕೈಯಲ್ಲಿ. ಮೂಗಿನಲ್ಲಿ ಕೂರಿಸಿದ್ದು ಗಾಳಿಯಿಂದ ತಣಿಯುವ ಎಂಜಿನ್. ನಂತರ ಬಂದ ಬಿಎಂಡಬ್ಲ್ಯು 801ರಲ್ಲಿ ಹದಿನಾಲ್ಕು ಸಿಲಿಂಡರ್, ಎರಡು ಸುತ್ತಿನಲ್ಲಿ ಏಳೇಳು. ಪ್ರೊಪೆಲ್ಲರಿನ ಹಿಂದೆಯೇ ಹನ್ನೆರಡು ಎಲೆಗಳ ಒಂದು ಫ್ಯಾನು, ಎಂಜಿನ್ನಿಗೆ ಗಾಳಿ ತಳ್ಳಲಿಕ್ಕೆ. ಜರ್ಮನ್ನರು ಈ ವಿಮಾನಕ್ಕೆ ಕಳಿಂಗ ಹಕ್ಕಿಯ ಹೆಸರಿಟ್ಟರು. ನಮ್ಮ ಕಡೆ ಹೊಲದ ಬದುವಿನ ಜಾಲಿಯ ಮೇಲೆ ಒಂಟಿಯಾಗಿ ಕೂತು, ಹಿಡಿದ ಹುಳವನ್ನು ಮುಳ್ಳಿಗೆ ಚುಚ್ಚಿಟ್ಟು ತಿನ್ನುತ್ತದಲ್ಲ, ಅದೇ. 1941ರಲ್ಲಿ ಇದು ಇಂಗ್ಲಿಷ್ ಕಾಲುವೆಯ ಮೇಲೆ ಕಾಣಿಸಿಕೊಂಡಾಗ ಆಗಿನ ಸ್ಪಿಟ್‌ಫೈರ್‌ಗಳು ಇದರೆದುರು ಹಿಂದೆ ಬಿದ್ದವು. ಏನು ಮಾಡಬೇಕೆಂದು ಬ್ರಿಟಿಷರು ತಲೆ ಕೆಡಿಸಿಕೊಂಡಿದ್ದಾಗ, 1942ರ ಜೂನ್ 23ರಂದು ಆರ್ನಿಮ್ ಫಾಬರ್ ಎಂಬ ಜರ್ಮನ್ ಪೈಲಟ್ ದಿಕ್ಕು ತಪ್ಪಿ, ಫ್ರಾನ್ಸೆಂದು ತಿಳಿದು, ವೇಲ್ಸಿನ ಪೆಂಬ್ರೆ ವಿಮಾನ ನಿಲ್ದಾಣದಲ್ಲಿ ಇಳಿದುಬಿಟ್ಟ. ಒಂದು ಗೀರೂ ಇಲ್ಲದ ವಿಮಾನ ಶತ್ರುವಿನ ಕೈಗೆ ಸಿಕ್ಕಿತು. ಅವರು ಅದನ್ನು ಹಾರಿಸಿ ನೋಡಿದರು, ಅದರ ಬಲ-ದೌರ್ಬಲ್ಯಗಳನ್ನೆಲ್ಲ ಕಾಗದಕ್ಕಿಳಿಸಿದರು. ನನ್ನಂಥವರು ಇಂದು ನೋಡುವ ಎಷ್ಟೋ ಫೋಟೋಗಳು ಆ ವಿಮಾನದವೇ.

ನಾನು ಮಾಡಹೊರಟಿದ್ದು ಡಬ್ಬಿಯ ಮೇಲೆ ಬರೆದಿದ್ದನ್ನಲ್ಲ. ಡಬ್ಬಿಯಲ್ಲಿದ್ದದ್ದು ಮೊಂಡುಮೂಗಿನ ಎ-8. ಅದನ್ನು ಉದ್ದಮೂಗಿನ ಡಿ-9 ಮಾಡಬೇಕು. ಡಿ-9 ಎಂದೇ ಬೇರೆ ಡಬ್ಬಿ ಸಿಗುತ್ತದೆ, ತರಿಸಿಕೊಳ್ಳಬಹುದಿತ್ತು. ಆದರೆ ಫೋಕೆ-ವುಲ್ಫ್ ಕಾರ್ಖಾನೆಯವರೂ ಡಿ-9 ಅನ್ನು ಹೊಸದಾಗಿ ಹುಟ್ಟಿಸಿದವರಲ್ಲ. ಎ-8ರ ಮೈಯನ್ನೇ ಹಿಗ್ಗಿಸಿದರು. ಬಿಎಂಡಬ್ಲ್ಯು ಎಂಜಿನ್ ಆರು ಸಾವಿರ ಮೀಟರ್ ದಾಟಿದ ಮೇಲೆ ಉಸಿರು ಕಳೆದುಕೊಳ್ಳುತ್ತಿತ್ತು. ಅಮೆರಿಕದ ಬಾಂಬರ್‌ಗಳು ಬರುತ್ತಿದ್ದುದು ಅದಕ್ಕಿಂತ ಎತ್ತರದಲ್ಲಿ. ಆಗ ಟ್ಯಾಂಕ್ ಬಾಂಬರ್‌ಗಳಿಗೆ ಬಳಸುತ್ತಿದ್ದ ಯುಂಕರ್ಸ್ ಯುಮೊ 213 ಎಂಬ ನೀರಿನಿಂದ ತಣಿಯುವ ಉದ್ದನೆಯ ಎಂಜಿನ್ನನ್ನು ತಂದು ಮೂಗಿಗೆ ಕೂರಿಸಿದ. ಮೂಗು ಉದ್ದವಾದರೆ ತೂಕ ಮುಂದಕ್ಕೆ ಜಗ್ಗುತ್ತದೆ, ವಿಮಾನ ದಿಕ್ಕು ಹಿಡಿದು ನಿಲ್ಲುವುದಿಲ್ಲ. ಅದಕ್ಕೆ ಬಾಲದ ಮುಂದೆ ಅರ್ಧ ಮೀಟರಿನ ಒಂದು ತುಂಡು ಸೇರಿಸಿದ, ಬಾಲದ ನಿಂತ ರೆಕ್ಕೆಯನ್ನು ಸ್ವಲ್ಪ ಅಗಲ ಮಾಡಿದ. ಮೈ, ರೆಕ್ಕೆ, ಕಾಲುಗಳು ಬಹುಪಾಲು ಹಳೆಯವೇ. 1944ರ ಶರತ್ಕಾಲದ ಹೊತ್ತಿಗೆ ಪೈಲಟ್‌ಗಳ ಕೈಗೆ ಬಂದ ಈ ವಿಮಾನವನ್ನು ಟ್ಯಾಂಕ್ ಸ್ವತಃ ತಾತ್ಕಾಲಿಕ ಏರ್ಪಾಡು ಎಂದೇ ಎಣಿಸಿದ್ದ. ಅವನ ಕಣ್ಣು ಮುಂದಿನ ಟಿಎ 152ರ ಮೇಲಿತ್ತು. ನನ್ನ ಕಣ್ಣಿಗೆ ಮಾತ್ರ ಈ ತಾತ್ಕಾಲಿಕವೇ ಅವನ ಅತ್ಯಂತ ಜಾಣ ಕೆಲಸ. ಬೇರೆಯದೇ ಎಂಜಿನ್ನಿಗೆ ಹಳೆಯ ಮೈ ಒಗ್ಗಿಕೊಂಡಿತೆಂದರೆ ಆ ಮೈಯ ಮೂಲ ವಿನ್ಯಾಸ ಎಷ್ಟು ಗಟ್ಟಿಯಿದ್ದಿರಬೇಕು. ಅದು ಹೊಸ ಡಬ್ಬಿ ತೆರೆದು ಅಂಟಿಸಿದರೆ ಗೊತ್ತಾಗುವುದಿಲ್ಲ, ಕೊಯ್ದು ಕೂಡಿಸಿದರೆ ಗೊತ್ತಾಗುತ್ತದೆ.

ಅರ್ಧ ಮೀಟರ್ ಅಂದರೆ ನನ್ನ ಅಳತೆಯಲ್ಲಿ ಹತ್ತು ಮಿಲಿಮೀಟರ್ ಮತ್ತು ಚೂರು. ಕೊಯ್ಯುವ ಜಾಗವನ್ನು ಹುಡುಕಬೇಕಿಲ್ಲ. ನಿಜವಾದ ವಿಮಾನದಲ್ಲಿ ಬಾಲ ಬಂದು ಮೈಗೆ ಸೇರುವ ಗೆರೆಯೊಂದಿದೆ, ಕಿಟ್ಟಿನ ಪ್ಲಾಸ್ಟಿಕ್ ಮೇಲೂ ಅದೇ ಗೆರೆ ಕೊರೆದಿರುತ್ತದೆ. ಆ ಗೆರೆಗುಂಟ ಗಟ್ಟಿ ಟೇಪು ಸುತ್ತಿ, ಹ್ಯಾಕ್ಸಾ ಬ್ಲೇಡನ್ನು ಒತ್ತದೆ, ತನ್ನ ಭಾರಕ್ಕೇ ತಾನು ಇಳಿಯಲು ಬಿಡಬೇಕು. ಬಾಲ ಕೈಗೆ ಬರುತ್ತದೆ. ಆಮೇಲೆ ಒಂದು ಮಿಲಿಮೀಟರ್ ದಪ್ಪದ ಬಿಳಿ ಪ್ಲಾಸ್ಟಿಕ್ ಹಾಳೆಯಿಂದ ಮೈಯ ಅಡ್ಡಕೊಯ್ತದ ಆಕಾರದ ಬಿಲ್ಲೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಬೇಕು. ಈ ಅಂಟು ಗೋಂದಿನ ಹಾಗೆ ನಡುವೆ ನಿಲ್ಲುವಂಥದಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನೂ ಒಂದು ಮಾಡಿ ತಾನು ಆರಿಹೋಗುತ್ತದೆ. ಪೂರ್ತಿ ಗಟ್ಟಿಯಾಗದೆ ಉಜ್ಜಿದರೆ ಒಳಗೆ ಮೆದು ಉಳಿದು ಮುಂದೆ ಕುಗ್ಗುತ್ತದೆ. ಆದ್ದರಿಂದ ಕಾಯಬೇಕು. ಇಳಕಲ್ ಸೀರೆಯ ಸೆರಗಿನ ಹಾಸು, ಒಡಲಿನ ಹಾಸು ಬೇರೆ ಬೇರೆ ಇರುತ್ತವೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ, ಉಟ್ಟವರಿಗೆ ಜೋಡಿಸಿದ ಜಾಗ ತಡೆಯಾಗುವುದಿಲ್ಲ. ಬಾಲದ ಜೋಡಣೆ ಅಂಥದಾಗಬೇಕು. ಬೆರಳು ಆಡಿಸಿದರೆ ಎಲ್ಲಿ ಕೊಯ್ದದ್ದು, ಎಲ್ಲಿ ಸೇರಿಸಿದ್ದು ತಿಳಿಯಬಾರದು.

ಬೆರಳಿಗೆ ತಿಳಿಯದಿದ್ದರೆ ಸಾಲದು. ಬೂದು ಪ್ರೈಮರ್ ಹೊಡೆದು, ಸಂಜೆಯ ಬಿಸಿಲು ಕಿಟಕಿಯಿಂದ ಅಡ್ಡಡ್ಡ ಬೀಳುವಾಗ ತಿರುಗಿಸಿ ನೋಡಬೇಕು. ಈ ಪಾಠ ನಮ್ಮ ಗುಹೆಗಳದು. ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಶಾಸನ ಹಾಕಿಸಿದ ಮೂರನೆಯ ಗುಹೆಯ ಹೊರಗೋಡೆಗೆ ನೆತ್ತಿಯ ಬಿಸಿಲಿದ್ದಾಗ ಹೋದರೆ ಬಂಡೆ ಸಪಾಟಾಗಿ ಕಾಣುತ್ತದೆ. ಓರೆ ಬೆಳಕಿನಲ್ಲಿ ಹೋದರೆ ಉಳಿಯ ಏಟು ಒಂದೊಂದೂ ಎದ್ದು ಬರುತ್ತದೆ. ಪ್ಲಾಸ್ಟಿಕ್ಕಿನ ಮೇಲಿನ ತಗ್ಗು-ದಿಬ್ಬವೂ ಹಾಗೆಯೇ ಸಿಕ್ಕಿಬೀಳುತ್ತದೆ. ಮತ್ತೆ ಪುಟ್ಟಿ, ಮತ್ತೆ ಕಾಗದ, ಮತ್ತೆ ಪ್ರೈಮರ್.

ಬಣ್ಣದ ಕೆಲಸಕ್ಕೆ ಬಾದಾಮಿಯ ಬೇಸಿಗೆ ಒಗ್ಗುವುದಿಲ್ಲ. ಕುಂಚ ರೆಕ್ಕೆಯ ತುದಿ ಮುಟ್ಟುವಷ್ಟರಲ್ಲಿ ಬುಡದಲ್ಲಿ ಒಣಗಿ ಗೆರೆ ಬೀಳುತ್ತದೆ, ಮೇಲೆ ಕೆಂಪು ಧೂಳು ಕೂರುತ್ತದೆ. ಬನಶಂಕರಿ ಜಾತ್ರೆಯ ಸುತ್ತಮುತ್ತಲಿನ ಚಳಿಯ ಬೆಳಗುಗಳೇ ಸರಿ. ಆದರೂ ಕಿಟಕಿ ತೆರೆದಿಡುವಂತಿಲ್ಲ, ಮಂಗಗಳಿವೆ. ಬದಿಗಳ ಮೇಲಿನ ಮಬ್ಬು ಮಬ್ಬು ಮಚ್ಚೆಗಳಿಗೆ ಸ್ಪಂಜಿನ ಚೂರನ್ನು ಬಣ್ಣಕ್ಕೆ ಅದ್ದಿ, ಹಳೆಯ ಕಾಗದದ ಮೇಲೆ ಒತ್ತಿ ಒರೆಸಿ, ಉಳಿದ ಪಸೆಯಿಂದಷ್ಟೇ ಮುಟ್ಟಿಸುತ್ತೇನೆ. ಜರ್ಮನ್ ವಾಯುಸಚಿವಾಲಯ ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು. ಹೊಟ್ಟೆಯ ತಿಳಿನೀಲಿ 76, ಬೆನ್ನಿನ ಎರಡು ಬೂದು 74 ಮತ್ತು 75. ಯುದ್ಧದ ಕೊನೆಗೆ ಹಸಿರುಗಳೂ ಸೇರಿದವು, ಕಾರ್ಖಾನೆಯಿಂದ ಕಾರ್ಖಾನೆಗೆ ಛಾಯೆ ಬದಲಾಯಿತು.

ತಲೆಯ ಹಿಂದಿನಿಂದ ಬಾಲದ ತುದಿಗೆ ಹೋಗುವ ರೇಡಿಯೊ ತಂತಿಗೆ ಸಾಮಾನ್ಯವಾಗಿ ಕಿಟ್ಟಿನ ಕಡ್ಡಿಯನ್ನೇ ದೀಪದ ಮೇಲೆ ಹಿಡಿದು, ಮೆತ್ತಗಾದಾಗ ಎರಡೂ ಕಡೆ ಎಳೆದು ಕೂದಲಿನಷ್ಟು ತೆಳ್ಳಗೆ ಮಾಡುತ್ತಾರೆ. ನಾನು ರೇಷ್ಮೆ ಬಳಸಿದೆ. ಇಳಕಲ್ಲಿನಲ್ಲಿ ಪರಿಚಯದ ನೇಕಾರ ಹೆಣ್ಣುಮಗಳೊಬ್ಬಳು ಸೆರಗಿಗೆ ಹಾಕುವ ರೇಷ್ಮೆಯ ತುಂಡೊಂದನ್ನು ಕೈಗಿಟ್ಟು ಕೇಳಿದಳು:

“ಇಷ್ಟು ಸಾಕೇನ್ರಿ ಸರ?”

“ಇದರಾಗಿನ ಒಂದು ನೂಲು ಸಾಕ್ರೀ ಅಕ್ಕಾರ. ಎಳೀ ಪೂರಾ ಹಾಕಿದ್ರ ವಿಮಾನಕ್ಕ ಹಗ್ಗ ಕಟ್ಟಿದಂಗ ಕಾಣತೈತಿ.”

“ಹಂಗಾರ ಜೇನುಮೇಣಾ ಸವರ್ರಿ, ನೂಲಿನ ಮುಳ್ಳು ಕೂಡತಾವ.” ಹಾಗೇ ಮಾಡಿದೆ. ಆ ನೂಲು ಇವತ್ತಿಗೂ ಬಿಗಿಯಾಗಿ ನಿಂತಿದೆ.

ಇನ್ನೊಂದು ಮಾತನ್ನು ಬಿಟ್ಟು ಮುಂದೆ ಹೋಗಲಾರೆ. ಈ ವಿಮಾನದ ಬಾಲದ ಮೇಲೆ ನಾಜಿಗಳ ಕಪ್ಪು ಸ್ವಸ್ತಿಕವಿತ್ತು. ಮೂಲೆಯ ಮೇಲೆ ನಿಂತ, ಓರೆಯಾದ ಸ್ವಸ್ತಿಕ. ಜರ್ಮನಿಯಲ್ಲಿ ಆ ಗುರುತಿನ ಪ್ರದರ್ಶನಕ್ಕೆ ಕಾನೂನಿನ ತಡೆಯಿದೆ, ಹಾಗಾಗಿ ಎಷ್ಟೋ ಕಿಟ್ಟುಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಎರಡು ಹೋಳಾಗಿರುತ್ತದೆ. ನಮ್ಮ ಓಣಿಯ ಹೊಸ್ತಿಲುಗಳ ಮೇಲೆ ಅರಿಶಿನ ಕುಂಕುಮದಲ್ಲಿ ಬರೆಯುವ ಸ್ವಸ್ತಿಕ ಬೇರೆ, ನಡುವೆ ನಾಲ್ಕು ಚುಕ್ಕೆ ಇಟ್ಟುಕೊಂಡು ನೆಟ್ಟಗೆ ಕೂತಿರುವಂಥದು. ನಾನು ಬಹಳ ಯೋಚಿಸಿ ಬಾಲದ ಗುರುತನ್ನು ಅಂಟಿಸಿಯೇ ಇಟ್ಟಿದ್ದೇನೆ. ಅದನ್ನು ತೆಗೆದರೆ ವಿಮಾನ ಬರಿಯ ಚೆಂದದ ಯಂತ್ರವಾಗಿ, ನಿರಪರಾಧಿಯಾಗಿ ನಿಂತುಬಿಡುತ್ತದೆ. ಅದು ನಿರಪರಾಧಿಯಲ್ಲ. ಇಪ್ಪತ್ತು ಸಾವಿರದಾಚೆ ತಯಾರಾದ ಈ ವಿಮಾನಗಳ ಕಾರ್ಖಾನೆಗಳಲ್ಲಿ ಜರ್ಮನಿ ಗೆದ್ದ ದೇಶಗಳಿಂದ ಹಿಡಿದು ತಂದವರನ್ನು ಬಲವಂತವಾಗಿ ದುಡಿಸಿಕೊಂಡಿದ್ದರು. ನೋಡಲು ಬರುವ ಮಕ್ಕಳಿಗೆ ನಾನು ಎಂಜಿನ್ನಿನ ಕತೆಯ ಜೊತೆ ಇದನ್ನೂ ಹೇಳುತ್ತೇನೆ.

ಯುದ್ಧ ಮುಗಿಯಿತು, ಜರ್ಮನಿ ಸೋತಿತು. ಟ್ಯಾಂಕ್ 1947ರಲ್ಲಿ ಬೇರೆ ಹೆಸರಿನಲ್ಲಿ ಅರ್ಜೆಂಟೀನಾಕ್ಕೆ ಹೋದ. ಅಲ್ಲಿ ಕಾರ್ಡೊಬಾದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನ ಕಟ್ಟಿದ, 1950ರಲ್ಲಿ ಅದು ಹಾರಿತು. 1955ರಲ್ಲಿ ಅಲ್ಲಿನ ಅಧ್ಯಕ್ಷ ಪೆರೋನ್ ಅಧಿಕಾರ ಕಳೆದುಕೊಂಡ, ಟ್ಯಾಂಕ್ ಮತ್ತೆ ಬೀದಿಗೆ ಬಿದ್ದ. ಆಗ ಅವನನ್ನು ಕರೆದದ್ದು ಭಾರತ. 1956ರಲ್ಲಿ ಸಂಗಡಿಗ ಮಿಟೆಲ್‌ಹೂಬರನ ಜೊತೆ ಅವನು ಬಂದು ಕೂತದ್ದು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆಯಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಶುರುಮಾಡಿದ ಕಾರ್ಖಾನೆ ಅದು. ನನ್ನ ಮೇಜಿನ ಮೇಲಿನ ವಿಮಾನಕ್ಕೆ ಗೆರೆ ಎಳೆದ ಕೈ ಮುಂದೆ ನಮ್ಮ ನಾಡಿನಲ್ಲಿ ಹತ್ತು ವರ್ಷದ ಮೇಲೆ ಗೆರೆ ಎಳೆಯಿತು. ಹಿಂದುಸ್ತಾನ್ ಫೈಟರ್ 24, ಮಾರುತ, ಆ ಕೈಯ ಕೊನೆಯ ದೊಡ್ಡ ಕೆಲಸ.

ಮಾರುತಕ್ಕೆ ಮುಂಚೆ ಅವರು ಬೆಂಗಳೂರಿನಲ್ಲಿ ಮಾಡಿದ್ದೇನು ಗೊತ್ತೆ? ಮಾದರಿ! ಗೇಣುದ್ದದ್ದಲ್ಲ, ಅಳತೆಗೆ ಅಳತೆ ಸರಿಯಾದ, ಮರದ, ಎಂಜಿನ್ ಇಲ್ಲದ ಮಾರುತ. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗದಿಂದ ಕಟ್ಟಿ ಮೇಲಕ್ಕೆಳೆದು, ಎತ್ತರದಲ್ಲಿ ಬಿಟ್ಟು, ಪೈಲಟ್‌ಗಳು ಒಳಗೆ ಕೂತು ಹತ್ತಾರು ಬಾರಿ ತೇಲಿಸಿ ಇಳಿಸಿದರು. ಹಿಂದಕ್ಕೆ ಬಾಗಿದ ರೆಕ್ಕೆ ನಿಧಾನದ ವೇಗದಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಕಲಿಸಿದ್ದು ಆ ಮರದ ಹಕ್ಕಿ. ಮಾದರಿಯಿಂದ ಏನು ಉಪಯೋಗ ಎನ್ನುವವರಿಗೆ ನಾನು ಹೇಳುವ ಕತೆ ಇದೇ. ಬಳಿಕ 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತವನ್ನು ಬೆಂಗಳೂರಿನ ಆಕಾಶಕ್ಕೇರಿಸಿದರು. ಇನ್ನೊಂದು ವಿಚಿತ್ರ ಕೇಳಿ. ಟ್ಯಾಂಕನ ಹಳೆಯ ಪ್ರತಿಸ್ಪರ್ಧಿ, 109ರ ವಿನ್ಯಾಸಕ ಮೆಸ್ಸರ್‌ಸ್ಮಿತ್ ರೂಪಿಸಿದ ಕೊನೆಯ ಯುದ್ಧವಿಮಾನ ಎಚ್‌ಎ-300 ಈಜಿಪ್ಟಿನಲ್ಲಿ 1964ರ ಮಾರ್ಚ್ 7ರಂದು ಮೊದಲ ಬಾರಿ ಹಾರಿತು. ಅದನ್ನು ಹಾರಿಸಿದವರೂ ಭಾರತೀಯರೇ, ಕಪಿಲ್ ಭಾರ್ಗವ. ಜರ್ಮನಿಯ ಆಕಾಶದಲ್ಲಿ ಪೈಪೋಟಿಗಿಳಿದಿದ್ದ ಇಬ್ಬರ ಕೊನೆಯ ಕನಸುಗಳನ್ನೂ ಮೊದಲು ಮೇಲೆತ್ತಿದ್ದು ನಮ್ಮ ಪೈಲಟ್‌ಗಳ ಕೈ.

ಮಾರುತದ ದುಃಖವೆಂದರೆ ಎಂಜಿನ್. ಅದನ್ನು ಶಬ್ದದ ಎರಡು ಪಟ್ಟು ವೇಗಕ್ಕೆಂದು, ಬ್ರಿಟಿಷರ ಆರ್ಫಿಯಸ್‌ನ ಬಲವಾದ ಹೊಸ ಅವತಾರವನ್ನು ನಂಬಿ ರೂಪಿಸಿದರು. ಆ ಎಂಜಿನ್ ಅರ್ಧಕ್ಕೇ ನಿಂತಿತು. ಪುಟ್ಟ ನ್ಯಾಟ್ ವಿಮಾನದ ಎಂಜಿನ್ನಿನ ಕುಲದ್ದೇ ಆದ ಆರ್ಫಿಯಸ್ 703 ಎರಡನ್ನು ಕೂರಿಸಿ ಕಳಿಸಬೇಕಾಯಿತು. ಹಳೆಯ ಮೈಗೆ ಹೊಸ ಮೂಗು ಕೊಟ್ಟು ಡಿ-9 ಅನ್ನು ಬದುಕಿಸಿದ ಟ್ಯಾಂಕನಿಗೆ ಮಾರುತಕ್ಕೊಂದು ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಹೆಚ್ಚಿನ ಬಲದ ಮಾರುತವೊಂದನ್ನು ಪರೀಕ್ಷಿಸುವಾಗಲೇ, 1970ರ ಜನವರಿಯಲ್ಲಿ, ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ, ಗಾಡಿ ಓಡಿಸುವವರೆಲ್ಲ ಆ ಹೆಸರು ಹೇಳುತ್ತಾರೆ. ಆದರೂ ಒಟ್ಟು 147 ಮಾರುತಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ತಗ್ಗಿನಲ್ಲಿ ಹಾರಿ ದಾಳಿ ಮಾಡಿದವು. ಗುಂಡು ತಗುಲಿ ಒಂದು ಎಂಜಿನ್ ಸತ್ತರೂ ಇನ್ನೊಂದರ ಮೇಲೆ ಮರಳಿ ಬಂದದ್ದುಂಟು. ಟ್ಯಾಂಕ್ ಹಂಬಲಿಸಿದ್ದ ದಂಡಿನ ಕುದುರೆಯ ಗುಣ ಅದರ ಮೈಯಲ್ಲಿತ್ತು.

ಮುಂದಿನ ಕೆಲಸ ಮಾರುತವೇ ಎಂದು ತೀರ್ಮಾನಿಸಿದ್ದೇನೆ. ಅಲ್ಲಿಯೇ ತೊಡಕು. ಫೋಕೆ-ವುಲ್ಫಿನ ಚಕ್ರದ ಗೂಡಿನೊಳಗೆ ಯಾವ ಬಣ್ಣ, ಪೈಲಟ್ಟಿನ ಸೀಟಿನ ಪಟ್ಟಿಗೆ ಎಂಥ ಕೊಕ್ಕೆ, ಯಾವ ತಿಂಗಳಲ್ಲಿ ಯಾವ ಮುಚ್ಚಳ ಬದಲಾಯಿತು ಎಂಬುದಕ್ಕೆಲ್ಲ ಪುಸ್ತಕದ ಮೇಲೆ ಪುಸ್ತಕಗಳಿವೆ. ನಮ್ಮದೇ ಕಾರ್ಖಾನೆಯಲ್ಲಿ, ನಮ್ಮ ಫಿಟ್ಟರುಗಳು, ವೆಲ್ಡರುಗಳು, ಮರಗೆಲಸದವರು ಕೈಯಾರೆ ಕಟ್ಟಿದ ಮಾರುತದ ಒಳಗಿನ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆದ ಒಂದು ಕನ್ನಡ ಪುಸ್ತಕ ನನ್ನ ಕಪಾಟಿನಲ್ಲಿಲ್ಲ. ಆ ಮರದ ಗ್ಲೈಡರಿಗೆ ರಂದಾ ಹೊಡೆದವರು ಇಂದು ಇದ್ದರೆ ತೊಂಬತ್ತರ ಆಸುಪಾಸಿನವರು.

ಆದ್ದರಿಂದ ಓದುಗರಲ್ಲಿ ಎರಡು ಕೋರಿಕೆ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತದ ಬಳಿ ಹತ್ತು ನಿಮಿಷ ನಿಲ್ಲಿ, ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ರೆಕ್ಕೆ ಸೇರುವಲ್ಲಿ ಮೈ ಸೊಂಟದ ಹಾಗೆ ಸಣ್ಣಗಾಗಿರುವುದನ್ನು ತೋರಿಸಿ, ಗಾಳಿಯ ತಡೆ ಕಡಿಮೆಯಾಗಲೆಂದು ಹಾಗೆ ಮಾಡಿದ್ದು. ಎರಡನೆಯದು, ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಓಣಿಯಲ್ಲಿ ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ದುಡಿದ ಹಿರಿಯರಿದ್ದರೆ, ಅವರು ಮಾರುತಕ್ಕೆ ಯಾವ ಕೆಲಸ ಮಾಡಿದರು, ಯಾವ ಉಪಕರಣ ಹಿಡಿದರು, ಒಳಗೆ ಯಾವ ಬಣ್ಣ ಬಳಿದರು ಎಂದು ಕೇಳಿ ಬರೆದಿಡಿ. ಹಳೆಯ ಫೋಟೋ ಇದ್ದರೆ ಹಿಂದೆ ಹೆಸರು, ವರ್ಷ ಬರೆಯಿರಿ. ಈ ವರ್ಷವೇ ಮಾಡಿ.